ಬಲತುದಿಯ ಹುಡುಗಿಯನ್ನು ಕೇಳಿ

“ಇನ್ನೇನಿಲ್ಲ, ಮೇಲಕ್ಕೆತ್ತೋಣ,” ಎಂದು ಫೋನಿನೊಳಗಿಂದ ಚಾಲಕ ಹೇಳಿದ್ದೇ ತಡ, ದರ್ಜಿಯಮ್ಮ ತನ್ನ ಅಂಗಡಿಯ ಹೊಲಿಗೆ ಯಂತ್ರದ ಚಕ್ರವನ್ನು ಅಂಗೈಯಿಂದ ಒತ್ತಿ ನಿಲ್ಲಿಸಿದಳು. ನೂಲಿನ ಡಬ್ಬಕ್ಕೆ ಒರಗಿಸಿಟ್ಟ ಫೋನಿನಲ್ಲಿ ನಡುಸಮುದ್ರದ ಆಳ ನೇರ ಪ್ರಸಾರದಲ್ಲಿ ಕಾಣುತ್ತಿತ್ತು. ಹಗಲಲ್ಲೂ ಬೆಳಕು ತಲುಪದ ಆ ಕಪ್ಪಿನಲ್ಲಿ, ಹಡಗಿನಲ್ಲಿ ಕುಳಿತ ಆ ಚಾಲಕ ನಡೆಸುತ್ತಿದ್ದ ಕ್ಯಾಮೆರಾ ಯಂತ್ರ ದೀಪ ಹೊತ್ತಿಸಿಕೊಂಡು ತೇಲುತ್ತಿತ್ತು. ಪರದೆಯ ಮೂಲೆಯ ಪುಟ್ಟ ಚೌಕದಲ್ಲಿ ಹಡಗಿನ ಕೋಣೆ. ಅಲ್ಲಿ ಬಲತುದಿಯ ಕುರ್ಚಿಯಲ್ಲಿ ತಲೆ ತಗ್ಗಿಸಿ ಕುಳಿತಿದ್ದವಳು ಅವಳ ಮಗಳು.

“ಬೆಳಗ್ಗಿಂದ ಒಂದಾದ್ರೂ ಮಾತಾಡಿದ್ಳಾ?” ಪಕ್ಕದಲ್ಲಿ ಗುಂಡಿ ಹೊಲಿಯುತ್ತಿದ್ದ ದರ್ಜಿಯಮ್ಮನ ತಂಗಿ ಕೇಳಿದಳು.

“ನಮಸ್ಕಾರ ಅಂದ್ಳಲ್ಲ!”

“ತುಟಿ ಅಲ್ಲಾಡ್ತು ಅಷ್ಟೇ. ಎರಡು ವರ್ಷದಿಂದ ಆ ಸ್ಕ್ವಿಡ್ಡು, ಈ ಸ್ಕ್ವಿಡ್ಡು, ಸಮುದ್ರದಾಳದ ಆ ಪ್ರಾಣಿಗೆ ಹತ್ತು ತೋಳು ಅಂತ ನಮ್ಮ ಕಿವೀಲಿ ಪಿಸುಗುಟ್ಟಿದ್ದೇ ಬಂತು. ಇವತ್ತು ಯಂತ್ರ ಇಳಿಸೋದು ಕಡೇ ಸಲ ಅಂತೆ. ನಮ್ಮ ಪಿಸುಪಿಸು ಬರಿಗೈಲೇ ಮನೆಗೆ ಬರ್ತಾಳೆ, ನೋಡ್ತಿರು.”

ಆಗ ಫೋನಿನಿಂದ ಒಂದು ಸಣ್ಣ ಸದ್ದು ಬಂತು. ಉಸಿರನ್ನು ಒಳಗೆಳೆದು ಗಂಟಲಲ್ಲೇ ತಡೆದ ಸದ್ದು. ಹಡಗಿನಲ್ಲಿ ಯಾರೂ ತಿರುಗಿ ನೋಡಲಿಲ್ಲ. ದರ್ಜಿಯಮ್ಮ ಮಾತ್ರ ಎದ್ದು ನಿಂತಳು. ಚಿಕ್ಕವಳಿದ್ದಾಗ, ಬಟ್ಟೆ ಕಪಾಟಿನಲ್ಲಿ ಬೆಕ್ಕು ಮರಿ ಹಾಕಿದ್ದನ್ನು ಕಂಡು ಮಗಳು ಹೀಗೆಯೇ ಉಸಿರೆಳೆದಿದ್ದಳು. ಬಾಯಿಂದ ಮಾತು ಹೊರಡುವಷ್ಟರಲ್ಲಿ ಬೆಕ್ಕು ಮರಿಗಳನ್ನು ಬೇರೆಡೆಗೆ ಸಾಗಿಸಿಬಿಟ್ಟಿತ್ತು.

“ಏನೋ ಕಂಡಿದೆ ಕಣೇ ಅವಳಿಗೆ! ಹೇಳೇ ಪುಟ್ಟಿ, ಬಾಯಿ ಬಿಡೇ!”

“ಇಲ್ಲಿ ಕಿರುಚಿದ್ರೆ ಸಮುದ್ರಕ್ಕೆ ಕೇಳ್ಸುತ್ತಾ? ಅಲ್ಲಿ ಕೆಳಗೆ ಬರಿ. ನೋಡೋರು ಬರೆದಿದ್ದನ್ನ ಚಾಲಕ ಓದ್ತಾನಲ್ಲ!”

ದರ್ಜಿಯಮ್ಮ ಪರದೆಯನ್ನು ಕುಟ್ಟಿದಳು. ಅಕ್ಷರ ಮೂಡಲಿಲ್ಲ. ಸೂಜಿ ಚುಚ್ಚದಿರಲೆಂದು ಬೆರಳಿಗೆ ಹಾಕಿದ್ದ ಲೋಹದ ಟೊಪ್ಪಿಗೆಯನ್ನು ಹಲ್ಲಿನಿಂದ ಕಿತ್ತೆಸೆದು ಮತ್ತೆ ಕುಟ್ಟಿದಳು. ಕ್ಯಾಮೆರಾ ಯಂತ್ರ ಆಗಲೇ ಮೇಲೇಳತೊಡಗಿತ್ತು.

“ಇಲ್ಲೊಬ್ಬರು ಬರೆದಿದ್ದಾರೆ,” ಚಾಲಕ ನಿಧಾನವಾಗಿ ಓದಿದ. “‘ಬಲತುದಿಯ ಹುಡುಗಿಯನ್ನು ಕೇಳಿ. ಏನೋ ನೋಡಿದ್ದಾಳೆ.’ ಏನಮ್ಮಾ, ಏನಾದ್ರೂ ನೋಡಿದ್ಯಾ?”

ಕೋಣೆಯ ತಲೆಗಳೆಲ್ಲ ಬಲಕ್ಕೆ ತಿರುಗಿದವು. ಮಗಳ ಕಿವಿ ಕೆಂಪಾದವು. “ಎಡಗಡೆ... ಕೆಳಗೆ...” ಎಂದಳು. ಆಮೇಲೆ, ಯಾರೋ ಹಿಂದಿನಿಂದ ತಳ್ಳಿದಂತೆ, “ನಿಲ್ಸಿ! ಮೇಲೆತ್ಬೇಡಿ, ನಿಲ್ಸಿ!” ಎಂದು ಕೂಗಿದಳು.

ದೀಪ ಎಡಕ್ಕೆ ಹೊರಳಿತು. ಕಡುಗೆಂಪಿನ ಸ್ಕ್ವಿಡ್ ಒಂದು, ತನಗಿಂತ ಉದ್ದನೆಯ ಕರಿ ಪರದೆಯಂಥದ್ದನ್ನು ತೋಳುಗಳಲ್ಲಿ ಹಿಡಿದು ತೂಗುತ್ತಿತ್ತು. ಅದರ ತುಂಬ ಮಣಿ ಪೋಣಿಸಿದ ಹಾಗೆ ಸಾವಿರಾರು ಉರುಟು ಚುಕ್ಕಿಗಳು.

“ಮೊಟ್ಟೆ! ಅಷ್ಟೂ ಮೊಟ್ಟೆ!” ಮಗಳು ಕುರ್ಚಿಯಿಂದ ಎದ್ದೇಬಿಟ್ಟಳು. “ಎಷ್ಟೋ ಸ್ಕ್ವಿಡ್‌ಗಳು ಮೊಟ್ಟೆಯಿಟ್ಟು ಹೊರಟುಹೋಗ್ತಾವೆ, ಇದು ಹೋಗಲ್ಲ! ತೋಳಿನ ಕೊಕ್ಕೆಗಳಿಗೆ ಸಿಗಿಸ್ಕೊಂಡು ತಿಂಗಳುಗಟ್ಟಲೆ ಹೊರುತ್ತೆ. ಅಷ್ಟು ದಿನ ಉಪವಾಸ. ನೋಡಿ, ನೋಡಿ, ತೋಳು ಬಿಚ್ಚಿ ಮುಚ್ಚಿ ಹೊಸ ನೀರು ನುಗ್ಗಿಸ್ತಿದೆ, ಮೊಟ್ಟೆಗಳು ಉಸಿರಾಡ್ಲಿ ಅಂತ! ಈ ಭಾರ ಹೊತ್ಕೊಂಡು ಜೋರಾಗಿ ಓಡೋಕಾಗಲ್ಲ, ತಿಮಿಂಗಿಲ ಬಂದ್ರೆ ಕಥೆ ಮುಗೀತು. ದೀಪ ಕಮ್ಮಿ ಮಾಡಿ! ಹತ್ರ ಹೋಗ್ಬೇಡಿ!”

“ಆಯ್ತು ತಾಯಿ, ಹೋಗಲ್ಲ,” ಎಂದ ಚಾಲಕ.

“ಇವಳು ನಮ್ಮ ಪಿಸುಪಿಸುನೇನಾ?” ತಂಗಿಯ ಮಡಿಲಿನಿಂದ ಗುಂಡಿಗಳು ನೆಲಕ್ಕೆ ಚೆಲ್ಲಿದವು.

ದರ್ಜಿಯಮ್ಮನ ಬೆರಳು ನಿಲ್ಲುವ ಹಾಗೆಯೇ ಇರಲಿಲ್ಲ. ಚಾಲಕ ನಗು ತಡೆಯಲಾಗದೆ ಒಂದೊಂದನ್ನೇ ಓದುತ್ತ ಹೋದ: “‘ಇನ್ನೂ ಗಟ್ಟಿಯಾಗಿ ಹೇಳು.’ ‘ಕೂದಲು ಹಿಂದಕ್ಕೆ ಹಾಕ್ಕೋ.’ ‘ಮಧ್ಯೆ ಒಂದು ಗುಟುಕು ನೀರು ಕುಡಿ.’”

ಮಗಳು ಸ್ಕ್ವಿಡ್‌ನಿಂದ ಕಣ್ಣು ಕೀಳಲಿಲ್ಲ. “ಅಮ್ಮಾ,” ಎಂದಳು, ನೋಡುತ್ತಿದ್ದ ಲೋಕಕ್ಕೆಲ್ಲ ಕೇಳುವಂತೆ, “ಸ್ವಲ್ಪ ಸುಮ್ನಿರು. ನಾನು ಮಾತಾಡ್ತಿದೀನಿ.”

ದರ್ಜಿಯಮ್ಮನ ಬೆರಳು ಗಾಳಿಯಲ್ಲೇ ನಿಂತಿತು.

“ಕೇಳಿಸ್ತೇನೇ? ನನಗೇ ಸುಮ್ನಿರು ಅಂದ್ಳು!” ಎಂದವಳೇ ಫೋನಿನ ಸದ್ದನ್ನು ಪೂರ್ತಿ ಏರಿಸಿ, ಅಂಗಡಿಯ ಎರಡೂ ಬಾಗಿಲುಗಳನ್ನು ಬೀದಿಗೆ ಅಗಲವಾಗಿ ತೆರೆದಿಟ್ಟಳು.