ಸರೋವರದ ದಂಡೆಯ ಚಹಾದಂಗಡಿ

ಹಿಮಾಲಯದ ತಪ್ಪಲಿನ ಆ ಊರಿನಲ್ಲಿ ಪ್ರವಾಸಿಗರೆಲ್ಲ ದೋಣಿ ಹತ್ತಿದಾಗ ಶಕುಂತಲಾ ಸರೋವರದ ದಂಡೆಯ ಚಹಾದಂಗಡಿಯಲ್ಲಿ ಕುಸಿದು ಕುಳಿತಳು. ಗಂಡನ ಮಫ್ಲರು, ಮಾತ್ರೆ, ಬಿಸಿನೀರು ಎಂದು ದಾರಿಯುದ್ದಕ್ಕೂ ಓಡಾಡಿ ಸೊಂಟ ಬಿದ್ದುಹೋಗಿತ್ತು.

“ಯಪ್ಪಾ, ಸಾಕಾತು” ಎಂದಳು ತನ್ನಷ್ಟಕ್ಕೆ.

“ಯಾವೂರ್ರೀ ನಿಮ್ದು?” ಚಹಾದಾಕೆ ಕನ್ನಡದಲ್ಲೇ ಕೇಳಿದಳು.

“ಗದಗ. ನೀವು ಇಲ್ಲಿಗೆ ಹೆಂಗ ಬಂದ್ರಿ?”

“ನಿಮ್ಮಂಗ ಗಂಡನ ಜೋಡಿ ಟೂರಿಗೆ ಬಂದಿದ್ದೆ. ಬಸ್ಸು ಹೊಂಟಾಗ ಹತ್ತಲಿಲ್ಲ.”

ಶಕುಂತಲಾ ಆಗ ತಲೆಯೆತ್ತಿ ನೀರನ್ನೂ ಅದರಾಚೆಯ ಬೆಟ್ಟಗಳನ್ನೂ ಬಹಳ ಹೊತ್ತು ನೋಡಿದಳು.

ದೋಣಿಯಿಂದಿಳಿದ ಗಂಡ ಬಸ್ಸಿನ ಬಾಗಿಲಲ್ಲಿ ನಿಂತು ಕೂಗಿದ: “ಲಗೂ ಬಾ, ಎಲ್ಲಾರೂ ಕಾಯಾಕತ್ತಾರ!”

“ಹೋಗ್ರಿ, ಕರ್ಯಾಕತ್ತಾರ” ಎಂದಳು ಚಹಾದಾಕೆ.

“ನಿಮ್ಮ ಅಂಗಡಿಗೆ ಇನ್ನೊಬ್ಬಾಕಿ ಬೇಕೇನ್ರಿ?” ಎಂದಳು ಶಕುಂತಲಾ.