ಎಡದ ದಾರಿ ತಂಗಿಯದು

ದಾರಿ ಕವಲಾಗುವಲ್ಲಿ ಅಣ್ಣ ಮಂಡಿಯೂರಿ ಕೂತು ಅತ್ತಿಗೆಯ ಶೂ ಲೇಸು ಕಟ್ಟುತ್ತಿದ್ದ. ಎರಡು ಸುತ್ತು, ಮೇಲೊಂದು ಬಿಗಿ ಗಂಟು, ಉಳಿದ ತುದಿಗಳನ್ನು ಪಕ್ಕಕ್ಕೆ ಸಿಕ್ಕಿಸುವುದು. ಆ ಗಂಟನ್ನು ಅವನು ಜಗತ್ತಿನಲ್ಲಿ ತನ್ನೊಬ್ಬಳಿಗೇ ಕಟ್ಟುವುದು ಎಂದು ತಂಗಿ ಇಷ್ಟು ದಿನ ತಿಳಿದಿದ್ದಳು. ನೋಡಲಾಗದೆ ಮರದ ಕಡೆ ತಿರುಗಿ ನಿಂತಳು. ಮರದ ತುಂಬ ಹಣ್ಣೆಲೆ. ಗಾಳಿ ಇಲ್ಲದಿದ್ದರೂ ಒಂದೊಂದಾಗಿ ಉದುರುತ್ತಿದ್ದವು.

ಎಲೆ ಉದುರುವ ಕಾಲದಲ್ಲಿ ಒಂದು ಭಾನುವಾರ ಅಣ್ಣ-ತಂಗಿ ಈ ಬೆಟ್ಟ ಸುತ್ತುವುದು ಹನ್ನೊಂದು ವರ್ಷದ ರೂಢಿ. ಎಡದ ದಾರಿ ಗಿಡ್ಡ, ಆದರೆ ಕಡಿದು. ಬಲದ್ದು ಸಲೀಸು, ಆದರೆ ಉದ್ದ. ಎರಡೂ ಮೇಲೆ ಚಪ್ಪಟೆ ಬಂಡೆಯ ಹತ್ತಿರ ಕೂಡುತ್ತವೆ. ತಂಗಿ ಎಡಕ್ಕೆ, ಅಣ್ಣ ಬಲಕ್ಕೆ. ಮೊದಲು ಬಂಡೆ ಮುಟ್ಟಿದವರು ಗೆದ್ದಂತೆ, ಸೋತವರು ಇಳಿಯುವಾಗ ಚೀಲ ಹೊರಬೇಕು. ಈ ಸಲ ಮೂರು ಜನ ಇದ್ದರು.

"ಇವಳು ನಿನ್ ಜೊತೆ ಬರ್ಲಿ ಕಣೇ," ಅಣ್ಣ ಮಂಡಿಯ ಮಣ್ಣು ಕೊಡವಿಕೊಂಡು ಎದ್ದ. "ನನ್ ಜೊತೆ ಬಂದ್ರೆ ಒಂದೊಂದ್ ಎಲೆಗೂ ನಿಂತು ಫೋಟೋ ತೆಗೀತಾಳೆ. ನಾನು ಸೋತು ಸುಣ್ಣ ಆಗ್ತೀನಿ."

"ಅಂದ್ರೆ ನಾನು ಸೋಲ್ಬೇಕು."

"ನೀನು ಸೋಲೋದೇನು ಹೊಸದಾ?"

ಅತ್ತಿಗೆ ನಕ್ಕಳು. ಇದೇ ಮಾತನ್ನು ಅವನು ಪ್ರತಿ ವರ್ಷ ಆಡುತ್ತಿದ್ದ, ಆಗೆಲ್ಲ ತಂಗಿಯೂ ನಗುತ್ತಿದ್ದಳು. ಈಗ ಇನ್ನೊಬ್ಬರು ನಕ್ಕಿದ್ದಕ್ಕೆ ಮೈಯೆಲ್ಲ ಉರಿಯಿತು.

ಎಡದ ದಾರಿಯಲ್ಲಿ ಎಲೆಗಳು ಕಾಲ ಹರಡಿನವರೆಗೆ ಬಿದ್ದಿದ್ದವು. ತಂಗಿ ಬೇಕೆಂದೇ ಬಿರುಸಾಗಿ ಹತ್ತಿದಳು. ಹಿಂದೆ ಅತ್ತಿಗೆಯ ಏದುಸಿರು.

"ನಿಮ್ಮಣ್ಣ ನಿದ್ದೇಲಿ ಮಾತಾಡ್ತಾರೆ, ಗೊತ್ತಾ ನಿಂಗೆ?"

"ಇಪ್ಪತ್ತು ವರ್ಷದಿಂದ ಕೇಳ್ತಿದೀನಿ."

"ಹೌದಲ್ವಾ." ನಾಲ್ಕು ಹೆಜ್ಜೆ ಹತ್ತಿ ಅತ್ತಿಗೆ ಮತ್ತೆ ಶುರುಮಾಡಿದಳು. "ಮೊನ್ನೆ ಯಾವ್ದೋ ಲಿಫ್ಟು ಆರನೇ ಮಹಡೀಲಿ ಸಿಕ್ಕಾಕೊಂಡಿದೆ, ಬಾಗ್ಲು ಮುಟ್ಬೇಡಿ ಅಂತಿದ್ರು." ಅಣ್ಣನದು ಲಿಫ್ಟ್ ರಿಪೇರಿ ಕೆಲಸ.

"ಆ ಲಿಫ್ಟು ನಾಲ್ಕನೇ ಮಹಡೀಲಿ ಇದ್ದಾಗ್ಲಿಂದ ನಂಗೊತ್ತು," ಎಂದಳು ತಂಗಿ. ನಗಿಸಲು ಹೇಳಿದ್ದಲ್ಲ. "ಅತ್ತಿಗೆ, ನೀವು ನಿಧಾನಕ್ಕೆ ಬನ್ನಿ. ಇರೋದೊಂದೇ ದಾರಿ, ತಪ್ಪೋಕಾಗಲ್ಲ."

ತಿರುವು ದಾಟಿದ್ದೇ ತಡ, ಓಡಿದಳು. ಬೇರು ಹಿಡಿದು, ಕಲ್ಲು ತಬ್ಬಿ, ಅಂಗೈ ತರಚಿಕೊಂಡು ಹತ್ತಿದಳು. ಚೀಲ ಹೊರುವ ಪಂದ್ಯ ಯಾರಿಗೆ ಬೇಕಿತ್ತು. ಬಂಡೆಯ ಮೇಲೆ ಅಣ್ಣನ ಪಕ್ಕ ಒಂದು ಹತ್ತು ನಿಮಿಷ, ನಡುವೆ ಯಾರೂ ಇಲ್ಲದೆ, ಅಷ್ಟು ಸಾಕಿತ್ತು. ಅಣ್ಣನ ಮದುವೆಯಾದಾಗಿನಿಂದ ಅದು ಒಮ್ಮೆಯೂ ಸಿಕ್ಕಿರಲಿಲ್ಲ.

ಅಣ್ಣ ಆಗಲೇ ಬಂದು ಕೂತಿದ್ದ. ಅವಳನ್ನು ನೋಡಿ ಎದ್ದ. ಎದ್ದವನ ಕಣ್ಣು ಅವಳ ಭುಜದ ಆಚೆ ಇತ್ತು.

"ಎಲ್ಲಿ ಅವಳು?"

"ಹಿಂದೆ ಬರ್ತಿದಾರೆ."

"ಹಿಂದೆ ಅಂದ್ರೆ ಎಷ್ಟು ಹಿಂದೆ?"

ತಂಗಿ ಬಂಡೆಯ ಮೇಲೆ ಕೂತಳು, ಪಕ್ಕದಲ್ಲಿ ಜಾಗ ಬಿಟ್ಟು. ಅವನು ಕೂರಲಿಲ್ಲ. ಫೋನು ಎತ್ತಿ ಹಿಡಿದ, ಸಿಗ್ನಲ್ ಇರಲಿಲ್ಲ. ಅವಳು ಕೊಟ್ಟ ಸೇಬು ಕೈಯಲ್ಲೇ ಹಿಡಿದುಕೊಂಡು ಎಡದ ದಾರಿಯ ಅಂಚಿನಲ್ಲಿ ಶತಪಥ ಹಾಕಿದ. "ಒಬ್ಳನ್ನೇ ಬಿಟ್ಟು ಹೇಗೆ ಬಂದೆ ನೀನು?" ಎಂದು ಎರಡು ಸಲ ಕೇಳಿದ. ಇಪ್ಪತ್ತು ನಿಮಿಷವಾದರೂ ಅತ್ತಿಗೆಯ ಸುಳಿವಿಲ್ಲದಾಗ ಸೇಬನ್ನು ಬಂಡೆಯ ಮೇಲಿಟ್ಟು ಆ ಕಡಿದಾದ ದಾರಿಯಲ್ಲಿ ದಡದಡ ಇಳಿದುಹೋದ. ಬೆಟ್ಟ ಸುತ್ತತೊಡಗಿದ ಆರನೇ ವರ್ಷ ಅದೇ ದಾರಿಯಲ್ಲಿ ತಂಗಿ ಬಿದ್ದು ಮೊಣಕಾಲು ಒಡೆದುಕೊಂಡಿದ್ದಳು. ಆಗ ಅವನು ಮೇಲಿನಿಂದಲೇ, ಎದ್ದು ಬಾ, ನಾಟಕ ಸಾಕು ಅಂದಿದ್ದ.

ಸ್ವಲ್ಪ ಹೊತ್ತಿಗೆ ಎಲೆ ತುಳಿಯುವ ಸದ್ದು. ಎಡದಿಂದಲ್ಲ, ಬಲದ ದಾರಿಯಿಂದ. ಅತ್ತಿಗೆ ಕೆಂಪಗಾಗಿ ಬೆವೆತು ಬಂದು ಬಂಡೆಯ ಮೇಲೆ ಕುಸಿದಳು.

"ನೀವು ಈ ಕಡೆಯಿಂದ?"

"ವಾಪಸ್ ಕೆಳಗೆ ಹೋಗಿ ಸುತ್ಕೊಂಡ್ ಬಂದೆ. ನನ್ನಿಂದ ತಪ್ಪಿಸ್ಕೊಂಡು ಅಷ್ಟು ಜೋರಾಗ್ ಓಡಿದ್ರೆ ಗೊತ್ತಾಗಲ್ವೇನೇ? ಅಣ್ಣ-ತಂಗಿ ಒಂದಿಷ್ಟು ಹೊತ್ತು ಕೂತು ಮಾತಾಡ್ಲಿ ಅನ್ನಿಸ್ತು." ನೀರು ಕುಡಿದು ಬಾಯಿ ಒರೆಸಿಕೊಂಡಳು. "ಏನ್ ಮಾತಾಡಿದ್ರಿ?"

"ನಿಮ್ ಬಗ್ಗೇನೇ," ಎಂದಳು ತಂಗಿ.

ಕೆಳಗೆ ಕಾಡಿನ ನಡುವಿನಿಂದ ಅಣ್ಣನ ದನಿ ಬಂತು. ಅತ್ತಿಗೆಯ ಹೆಸರು ಹಿಡಿದು ಕೂಗುತ್ತಿದ್ದ, ಗಂಟಲು ಒಡೆಯುವ ಹಾಗೆ. ಮೇಲಿಂದ ಒಂದು ಕೂಗು ಹಾಕಿದರೆ ಸಾಕಿತ್ತು, ಕೇಳಿಸುತ್ತಿತ್ತು. ತಂಗಿ ಎದ್ದು ನಿಂತು ಎರಡೂ ಕೈ ಬಾಯಿಯ ಸುತ್ತ ಹಿಡಿದಳು.

ಅತ್ತಿಗೆ ಅವಳ ಮಣಿಕಟ್ಟು ಹಿಡಿದು ಮೆಲ್ಲಗೆ ಕೆಳಗಿಳಿಸಿದಳು.

"ಇರು, ಇನ್ನೊಂದ್ಸಲ ಕೂಗ್ಲಿ. ಮದುವೆಯಾಗಿ ನಾಲ್ಕು ತಿಂಗ್ಳಾಯ್ತು, ಟವೆಲ್ ಕಾಣಿಸ್ದಿದ್ರೂ ಅವ್ರು ಕೂಗೋದು ನಿನ್ ಹೆಸ್ರೇ."