ಯಮಪಾಶ ರದ್ದು

ಯಮಪಾಶದ ಕಾರ್ಡ್ ಬಿತ್ತೆಂದರೆ ಎದುರಾಳಿ "ಸತ್ತೆ" ಎಂದು ಹೇಳಿ ಮೇಜಿನ ಮೇಲೆ ತಲೆಯಿಡಬೇಕು. ಅದು ಆ ಕಾರ್ಡಾಟದ ಕ್ಲಬ್ಬಿನ ಪದ್ಧತಿ. ಟೂರ್ನಿಯ ಫೈನಲ್‌ನಲ್ಲಿ ವಾರಿಜ ಆ ಕಾರ್ಡನ್ನೇ ಎಸೆದಳು. ಮುದುಕ ಜಿನ್ನಪ್ಪನವರು "ಸತ್ತೆ" ಎನ್ನದೆಯೇ ತಲೆಯಿಟ್ಟರು. ಸೋತ ಸಿಟ್ಟಿರಬೇಕು ಎಂದುಕೊಂಡಳು.

"ಒಂದೇ ಏಟಿಗೆ ಆಟ ಮುಗಿಸೋ ಕಾರ್ಡ್ ಯಾಕ್ರೀ ಬೇಕು? ನಿಷೇಧ ಮಾಡಿ!" ಸುತ್ತ ನಿಂತವರು ರೇಗಿದರು.

"ನಾನು ಗೆದ್ದಾಗಲೇ ನಿಮಗೆ ನ್ಯಾಯ ನೆನಪಾಯ್ತಾ?" ವಾರಿಜ ಎಗರಿಬಿದ್ದಳು.

ಬಹಳ ಹೊತ್ತು ಕಿತ್ತಾಡಿದರು. ಕೊನೆಗೆ ತೀರ್ಪುಗಾರ ಕೈಯೆತ್ತಿದ.

"ಈ ಆಟದಿಂದಲೇ ಯಮಪಾಶ ರದ್ದು. ಜಿನ್ನಪ್ಪನೋರೇ, ನೀವು ಬದುಕಿದ್ರಿ, ಗೆಲುವೂ ನಿಮ್ದೇ, ಏಳಿ."

"ಏಳ್ರೀ, ನೀವೇ ಗೆದ್ರಲ್ಲ!" ವಾರಿಜ ಉರಿದುಕೊಂಡೇ ಅವರ ಭುಜ ಅಲುಗಿಸಿದಳು.

ತಲೆ ಪಕ್ಕಕ್ಕೆ ಹೊರಳಿತು; ತೆರೆದ ಕಣ್ಣು ರೆಪ್ಪೆ ಬಡಿಯಲಿಲ್ಲ.